ರಾತ್ರಿ ಪಾಳಿ ಮುಗಿಯಿತು, ಶಾಲೆ ಶುರುವಾಯಿತು, ನಾನು 21 ಕಿಲೋಮೀಟರ್ ಓಡಿದೆ | ಬೇಸಿಗೆ ಕೊನೆಯ ವ್ಲಾಗ್

ನಮಸ್ಕಾರ ಎಲ್ಲರಿಗೂ. ಬೇಸಿಗೆ ಮುಗಿಯುತ್ತಾ ಬಂತು, ಶಾಲೆಗಳು ಬಾಗಿಲು ತೆರೆದಿವೆ. ತುಂಬಾ ದಿನಗಳಿಂದ ಮನೆಯ ಸುದ್ದಿ ಹೇಳಿರಲಿಲ್ಲ. ಇವತ್ತು ಎಲ್ಲವನ್ನೂ ಒಟ್ಟಿಗೇ ಹೇಳುತ್ತೇನೆ. ದೊಡ್ಡ ಸುದ್ದಿಯಿಂದಲೇ ಶುರು ಮಾಡೋಣ. ನಮ್ಮ ಮನೆಯವರ ರಾತ್ರಿ ಪಾಳಿ ಮುಗಿಯಿತು.

ಇದು ಬಡ್ತಿಯಲ್ಲ. ಸಂಬಳವೂ ಜಾಸ್ತಿಯಾಗಿಲ್ಲ, ರಾತ್ರಿ ಪಾಳಿಗೆ ಸಿಗುತ್ತಿದ್ದ ಭತ್ಯೆ ನಿಂತಿದೆ. ಆದರೂ ನಮ್ಮ ಮನೆಯ ಮಟ್ಟಿಗೆ ಇದಕ್ಕಿಂತ ದೊಡ್ಡ ಸುದ್ದಿ ಇಲ್ಲ. ಮಗಳು ಹುಟ್ಟುವ ಮೊದಲಿನಿಂದಲೂ ಅವರದು ರಾತ್ರಿ ಕೆಲಸ. ಅಪ್ಪ ಎಂದರೆ ಹಗಲು ಮಲಗುವವರು ಎಂದೇ ಅವಳು ತಿಳಿದು ಬೆಳೆದಳು. ಇಬ್ಬರು ಮಕ್ಕಳೂ ಸಣ್ಣ ದನಿಯಲ್ಲಿ ಆಡುವುದನ್ನು ಕಲಿತಿದ್ದರು. ನಮ್ಮ ಹಳೆಯ ವಿಡಿಯೋಗಳನ್ನು ನೋಡಿದವರಿಗೆ ಗೊತ್ತಿರುತ್ತದೆ, ಹಗಲಿನ ದೃಶ್ಯಗಳಲ್ಲಿ ಅವರು ಕಾಣಿಸುವುದೇ ಅಪರೂಪ.

ಈಗ ತೆರೆಯ ಮೇಲೆ ಕಾಣುತ್ತಿರುವ ಕೋಣೆ ಅವರು ಹಗಲು ಮಲಗುತ್ತಿದ್ದ ಕೋಣೆ. ಕಿಟಕಿಗೆ ಹಾಕಿದ್ದ ದಪ್ಪ ಕಪ್ಪು ಪರದೆಯನ್ನು ಮಗ ಬಿಚ್ಚುತ್ತಿದ್ದಾನೆ ನೋಡಿ. ಅವನೇ ಕೇಳಿ ಕೇಳಿ ವಹಿಸಿಕೊಂಡ ಕೆಲಸ ಅದು.

ರಾತ್ರಿ ಪಾಳಿ ಮಾಡದವರಿಗೆ ಒಂದು ವಿಷಯ ಹೇಳಬೇಕು. "ಹಗಲು ಮಲಗಿದರೆ ಆಯಿತಲ್ಲ, ನಿದ್ದೆ ನಿದ್ದೆಯೇ" ಎಂದು ಬಹಳ ಜನ ಹೇಳುತ್ತಾರೆ. ಅದು ಹಾಗಲ್ಲ. ನಮ್ಮ ಮೆದುಳಿನೊಳಗೆ ಒಂದು ಗಡಿಯಾರವಿದೆ. ಎರಡೂ ಕಣ್ಣುಗಳಿಂದ ಬರುವ ನರಗಳು ಕೂಡುವ ಜಾಗದ ಸ್ವಲ್ಪ ಮೇಲೆ ಅದು ಇರುತ್ತದೆ. ಕಣ್ಣಿಗೆ ಬೀಳುವ ಬೆಳಕೇ ಅದಕ್ಕೆ ದಿನಾ ಸಮಯ ಹೊಂದಿಸುತ್ತದೆ. ರಾತ್ರಿಯೆಲ್ಲ ದುಡಿದು ಬೆಳಿಗ್ಗೆ ಮನೆಗೆ ಹೊರಟವರ ಕಣ್ಣಿಗೆ ಬೀಳುವುದು ಏಳುವ ಹೊತ್ತಿನ ಬೆಳಕು. ಮೈ ದಣಿದಿರುತ್ತದೆ, ಗಡಿಯಾರ ಮಾತ್ರ "ಏಳು" ಎನ್ನುತ್ತಿರುತ್ತದೆ. ಅದಕ್ಕೇ ಹಗಲಿನ ನಿದ್ದೆ ಬೇಗ ಮುರಿಯುತ್ತದೆ. ರಜೆಯ ದಿನ ಮಕ್ಕಳ ಜೊತೆ ಇರಲೆಂದು ಹಗಲು ಎದ್ದಿದ್ದರೆ ಗಡಿಯಾರ ಮತ್ತೆ ಹಳೆಯ ಕಡೆಗೇ ಜಗ್ಗುತ್ತದೆ. ಹಾಗಾಗಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದರೂ ಹೆಚ್ಚಿನವರ ಮೈ ಅದಕ್ಕೆ ಪೂರ್ತಿ ಒಗ್ಗುವುದೇ ಇಲ್ಲ.

ಈ ಗಡಿಯಾರ ಜೀವಕೋಶದ ಒಳಗೆ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದದ್ದಕ್ಕೆ 2017ರಲ್ಲಿ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅವರು ಕೆಲಸ ಮಾಡಿದ್ದು ಹಣ್ಣಿನ ನೊಣಗಳ ಮೇಲೆ. ಇದನ್ನು ಮನೆಯಲ್ಲಿ ಮೊದಲು ಓದಿ ಹೇಳಿದ್ದು ನಮ್ಮ ಮಗ. ಅಪ್ಪನ ನಿದ್ದೆಯ ಬಗ್ಗೆ ಅವನು ಸುಮ್ನೆ ಕುತೂಹಲಕ್ಕೆ ಓದಿದ್ದಲ್ಲ, ಚಿಂತೆಯಿಂದ ಓದಿದ್ದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯ ಕೆಲಸವನ್ನು "ಬಹುಶಃ ಕ್ಯಾನ್ಸರ್ ತರುವಂಥದ್ದು" ಎಂಬ ಗುಂಪಿನಲ್ಲಿ ಇಟ್ಟಿದೆ. ರಾತ್ರಿ ದುಡಿಯುವ ಎಲ್ಲರಿಗೂ ಕಾಯಿಲೆ ಬರುತ್ತದೆ ಎಂದು ಅದರ ಅರ್ಥವಲ್ಲ, ದಯವಿಟ್ಟು ಯಾರೂ ಗಾಬರಿಯಾಗಬೇಡಿ. ಆಸ್ಪತ್ರೆ, ರೈಲು, ವಿದ್ಯುತ್ ಎಲ್ಲ ನಡೆಯುವುದು ರಾತ್ರಿ ಎದ್ದಿರುವವರಿಂದಲೇ. ಅವರ ಮೇಲೆ ನನಗಿರುವ ಗೌರವ ಹೇಳಿ ಮುಗಿಯುವಂಥದ್ದಲ್ಲ. ಆದರೆ ಹಗಲು ಪಾಳಿ ಕೇಳಲು ನಮ್ಮ ಮನೆಯವರಿಗೆ ಅವಕಾಶ ಬಂದಾಗ ಭತ್ಯೆಯ ಲೆಕ್ಕ ಹಾಕುತ್ತಾ ಕೂರದೆ ಕೇಳಿಬಿಡಿ ಎಂದು ನಾನು ಹೇಳಿದ್ದು ಇದೇ ಕಾರಣಕ್ಕೆ.

ಪಾಳಿ ಬದಲಾದ ಮಾತ್ರಕ್ಕೆ ನಿದ್ದೆ ಮರುದಿನವೇ ಸರಿಹೋಗಲಿಲ್ಲ. ಮೊದಲ ವಾರಗಳಲ್ಲಿ ಅವರಿಗೆ ನಡುರಾತ್ರಿ ಎಚ್ಚರವಾಗಿಬಿಡುತ್ತಿತ್ತು. ನಮಗೆ ತುಂಬಾ ಸಹಾಯಕ್ಕೆ ಬಂದದ್ದು ಬೆಳಗಿನ ಬೆಳಕು. ಸೂರ್ಯ ಹುಟ್ಟಿದ ಮೇಲೆ ಸ್ವಲ್ಪ ಹೊತ್ತು ಹೊರಗೆ ಓಡಾಡುವುದು, ಸಂಜೆ ಮನೆಯ ದೀಪಗಳನ್ನು ಬೇಗ ಕಡಿಮೆ ಮಾಡುವುದು, ನಿದ್ದೆ ಬಾರದಿದ್ದರೂ ಏಳುವ ಸಮಯ ಬದಲಿಸದಿರುವುದು. ಅಷ್ಟೇ. ಈಗ ಅವರು ರಾತ್ರಿ ಮಗಳಿಗೆ ಕತೆ ಹೇಳುತ್ತಾ ತಾವೇ ಮೊದಲು ನಿದ್ದೆಹೋಗುತ್ತಾರೆ. ಇದನ್ನು ನೋಡಲು ನಾನು ಎಷ್ಟು ವರ್ಷ ಕಾದಿದ್ದೆ!

ಇದರಿಂದಲೇ ಎರಡನೆಯ ಸುದ್ದಿ ಹುಟ್ಟಿತು. ನಾನು ಹಾಫ್ ಮ್ಯಾರಥಾನ್ ಓಡಿದೆ.

ಮೊದಲು ಅವರು ಕೆಲಸ ಮುಗಿಸಿ ಬರುವ ತನಕ ನಾನು ಮನೆ ಬಿಟ್ಟು ಹೊರಡುವ ಹಾಗಿರಲಿಲ್ಲ. ಮಕ್ಕಳು ಮಲಗಿರುತ್ತಿದ್ದರು. ಅವರು ಬರುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ಹಗಲು ಪಾಳಿ ಶುರುವಾದ ಮೇಲೆ ಬೆಳಗಿನ ಜಾವ ನನ್ನದಾಯಿತು. ಓಟದ ಬಗ್ಗೆ ಮಾತಾಡುವವರು ಶೂಗಳ ಬಗ್ಗೆ, ವಾಚಿನ ಬಗ್ಗೆ ತುಂಬಾ ಹೇಳುತ್ತಾರೆ. ಚಿಕ್ಕ ಮಕ್ಕಳಿರುವ ತಾಯಿಗೆ ಅದಕ್ಕಿಂತ ಮುಖ್ಯವಾದದ್ದು ಮಕ್ಕಳ ಬಳಿ ಇರಲು ಇನ್ನೊಬ್ಬರು. ಇದನ್ನು ನಾನು ಬಹಳ ಗಟ್ಟಿಯಾಗಿ ನಂಬುತ್ತೇನೆ.

ಬೇಸಿಗೆಯಲ್ಲಿ ತಯಾರಿ ಮಾಡುವುದು ಬೇರೆಯೇ ಅನುಭವ. ಸೆಕೆಯಲ್ಲಿ ಓಡುವಾಗ ಮೈ ತಂಪಾಗಲೆಂದು ಚರ್ಮದ ಕಡೆಗೂ ಹೆಚ್ಚು ರಕ್ತ ಹರಿಯಬೇಕು. ಕಾಲಿಗೂ ಬೇಕು, ಚರ್ಮಕ್ಕೂ ಬೇಕು. ಹಾಗಾಗಿ ಅದೇ ವೇಗಕ್ಕೆ ಎದೆಬಡಿತ ಜಾಸ್ತಿಯಾಗುತ್ತದೆ. ಬೆವರು ಬಂದರೆ ಸಾಲದು, ಅದು ಆರಬೇಕು, ಆಗಲೇ ಮೈ ತಂಪಾಗುವುದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರದೆ ಸುಮ್ನೆ ಇಳಿದುಹೋಗುತ್ತದೆ. ಅಂಥ ದಿನ ನಿಧಾನವಾಗಿ ಓಡಲೇಬೇಕು. ಪಕ್ಕದಲ್ಲಿರುವವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗುತ್ತಿದೆಯಾ ಎಂದು ನೋಡುವುದು ನನ್ನ ಅಳತೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ನಾನು ಮಗ್ಗಿ ಹೇಳಿಕೊಳ್ಳುತ್ತೇನೆ. ಮಗ್ಗಿ ತುಂಡಾಯಿತು ಎಂದರೆ ವೇಗ ಕಡಿಮೆ ಮಾಡಬೇಕು ಎಂದರ್ಥ.

ಇನ್ನೊಂದು ಸಂತೋಷದ ವಿಷಯ. ದಿನಾ ಸೆಕೆಯಲ್ಲಿ ಸ್ವಲ್ಪ ಸ್ವಲ್ಪ ಓಡಿದರೆ ಸುಮಾರು ಎರಡು ವಾರಗಳಲ್ಲಿ ಮೈ ಅದಕ್ಕೆ ಹೊಂದಿಕೊಳ್ಳುತ್ತದೆ. ರಕ್ತದಲ್ಲಿನ ನೀರಿನ ಅಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಬೇಸಿಗೆಯ ಕೊನೆಗೆ ಒಂದು ತಂಪಾದ ಬೆಳಿಗ್ಗೆ ಬಂದಾಗ ಗೊತ್ತಾಗುತ್ತದೆ, ಅಷ್ಟೇ ಶ್ರಮಕ್ಕೆ ಕಾಲು ಎಷ್ಟು ಮುಂದೆ ಹೋಗುತ್ತದೆ ಎಂದು. ತಲೆ ಸುತ್ತಿದರೆ, ಚಳಿ ಬಂದ ಹಾಗೆ ಮೈ ನಡುಗಿದರೆ, ಗೊಂದಲವಾದರೆ ಮಾತ್ರ ಅಲ್ಲೇ ನಿಲ್ಲಬೇಕು, ನೆರಳಿಗೆ ಹೋಗಬೇಕು, ಯಾರನ್ನಾದರೂ ಕರೆಯಬೇಕು. ಅದರಲ್ಲಿ ಧೈರ್ಯದ ಪ್ರಶ್ನೆಯೇ ಇಲ್ಲ.

ಓಟದ ಹಿಂದಿನ ರಾತ್ರಿ ನನ್ನ ನಂಬರಿನ ಚೀಟಿಗೆ ಪಿನ್ ಹಾಕುತ್ತಿದ್ದೆ. ಈ ಕ್ಲಿಪ್ ಅದೇ. ಮಗಳು ಕೇಳಿದಳು, "ಅಮ್ಮಾ, ಸರಿಯಾಗಿ 21 ಯಾಕಿಲ್ಲ? ಆ ಚೂರು ಯಾಕೆ?" ಹಾಫ್ ಮ್ಯಾರಥಾನ್ ಎಂದರೆ 21.0975 ಕಿಲೋಮೀಟರ್. ಮಗ ತಕ್ಷಣ ಕಾಗದ ತೆಗೆದುಕೊಂಡು ಪೂರ್ತಿ ಮ್ಯಾರಥಾನಿನ ದೂರವಾದ 42.195ನ್ನು ಎರಡರಿಂದ ಭಾಗಿಸಿ ತೋರಿಸಿದ. "ಹಾಗಾದರೆ ಅದು ಯಾಕೆ 42 ಅಲ್ಲ?" ಎಂದಳು. ಅವಳು ಬಿಡುವವಳಲ್ಲ. ಅದರ ಹಿಂದೆ ಒಂದು ಕತೆ ಇದೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟ ವಿಂಡ್ಸರ್ ಅರಮನೆಯ ಬಳಿ ಶುರುವಾಗಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತಿದ್ದ ಜಾಗದ ಎದುರು ಮುಗಿಯಿತು. ಆ ದೂರ ಅಷ್ಟಿತ್ತು. ಅದಕ್ಕೆ ಮೊದಲು ಒಂದೊಂದು ಸಲ ಒಂದೊಂದು ದೂರ ಇರುತ್ತಿತ್ತು. 1921ರಲ್ಲಿ 1908ರ ದೂರವನ್ನೇ ಎಲ್ಲರಿಗೂ ನಿಯಮ ಮಾಡಿದರು. ಆ ದಿನ ಕೂತವರು ಬೇರೆ ಕಡೆ ಕೂತಿದ್ದರೆ ನಾವೆಲ್ಲ ಬೇರೆ ದೂರ ಓಡುತ್ತಿದ್ದೆವೋ ಏನೋ!

ಈ ಮಾತುಕತೆಯನ್ನು ಅತ್ತೆ ಕೂತು ಕೇಳುತ್ತಿದ್ದರು. ನನ್ನ ಓಟ ನೋಡಲೆಂದೇ ಬಂದಿದ್ದರು. ಅವರು ಶಾಲೆಯಲ್ಲಿ ಚೆನ್ನಾಗಿ ಓಡುತ್ತಿದ್ದರಂತೆ. ದೊಡ್ಡವಳಾದ ಮೇಲೆ ಓಡುವುದು ಬೇಡ ಎಂದು ಮನೆಯಲ್ಲಿ ನಿಲ್ಲಿಸಿದರಂತೆ. ಇಷ್ಟು ವರ್ಷಗಳಲ್ಲಿ ಅವರು ಇದನ್ನು ನನಗೆ ಹೇಳಿದ್ದು ಆ ರಾತ್ರಿ ಮಾತ್ರ. ಒಲಿಂಪಿಕ್ಸ್ ಕೂಡ ಹೆಂಗಸರ ವಿಷಯದಲ್ಲಿ ಹಾಗೇ ನಡೆದುಕೊಂಡಿತ್ತು. 1928ರಲ್ಲಿ ಹೆಂಗಸರಿಗೆ 800 ಮೀಟರ್ ಓಟ ಇಟ್ಟರು, ಅದು ಅವರ ಶಕ್ತಿಗೆ ಮೀರಿದ್ದು ಎಂದು ಗದ್ದಲ ಎದ್ದ ಮೇಲೆ ತೆಗೆದುಹಾಕಿದರು. ಅದು ವಾಪಸ್ ಬಂದದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅಮೆರಿಕದ ಜೋನ್ ಬೆನೋಯ್ಟ್ ಚಿನ್ನ ಗೆದ್ದರು. ಅಷ್ಟರಲ್ಲಿ ಅತ್ತೆಗೆ ಮದುವೆಯಾಗಿ ಮಗನೂ ಹುಟ್ಟಿಯಾಗಿತ್ತು. "ನಾಳೆ ನೀನು ಓಡು, ನಾನು ನೋಡ್ತೀನಿ" ಎಂದರು. ಬೇರೆ ಏನೂ ಹೇಳಲಿಲ್ಲ.

ಓಟದ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ದೃಶ್ಯಗಳೇ ಇವೆ. ಮೊದಲ ಭಾಗವನ್ನು ಬೇಕೆಂದೇ ನಿಧಾನ ಓಡಿದೆ. ಹದಿನಾರರ ನಂತರ ಕಾಲು ಭಾರವಾಯಿತು. ಕೊನೆಯ ತಿರುವಿನಲ್ಲಿ ನಾಲ್ವರೂ ನಿಂತಿದ್ದರು. ಬೆಳಗಿನ ಹೊತ್ತು, ನಮ್ಮ ಮನೆಯವರ ಕಣ್ಣಲ್ಲಿ ನಿದ್ದೆ ಇರಲಿಲ್ಲ. ನನಗೆ ಅಳು ಬಂದದ್ದು ಪದಕ ಹಾಕಿದಾಗ ಅಲ್ಲ, ಅವರನ್ನು ನೋಡಿದಾಗ. ಸಮಯ ಎರಡೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ನನಗೆ ಅದರಲ್ಲಿ ಪೂರ್ತಿ ತೃಪ್ತಿ ಇದೆ.

ಈಗ ಶಾಲೆ. ಮಗಳು ಒಂದನೇ ತರಗತಿ. ಅವಳಿಗಾಗಿ ನಾವು ಮಾಡಿದ ತಯಾರಿ ಒಂದೇ, ನಿದ್ದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ತಜ್ಞರ ಸಂಸ್ಥೆ 2016ರಲ್ಲಿ ಹೇಳಿತು. ರಜೆಯಲ್ಲಿ ಮಲಗುವ ಸಮಯ ಎಲ್ಲೆಲ್ಲೋ ಹೋಗಿರುತ್ತದೆ, ಅಲ್ವಾ? ಶಾಲೆ ಶುರುವಾಗುವ ಮುಂಚೆ ಕೆಲವು ದಿನಕ್ಕೊಮ್ಮೆ ಹದಿನೈದು ಹದಿನೈದು ನಿಮಿಷ ಹಿಂದಕ್ಕೆ ತಂದೆವು. ಅಪ್ಪನ ನಿದ್ದೆಯೂ ಆಗಲೇ ಸರಿಹೋಗುತ್ತಿತ್ತು. ಇಬ್ಬರೂ ಒಂದೇ ಹೊತ್ತಿಗೆ ಮಲಗುವುದನ್ನು ಒಟ್ಟಿಗೆ ಕಲಿತರು ಎನ್ನಬಹುದು. ಅಕ್ಷರ ತಿದ್ದಿಸುವುದು, ಲೆಕ್ಕ ಮಾಡಿಸುವುದು ಏನನ್ನೂ ನಾನು ಮಾಡಲಿಲ್ಲ. ಅದಕ್ಕೆ ಟೀಚರ್ ಇದ್ದಾರೆ. ತನ್ನ ಚೀಲವನ್ನು ತಾನೇ ಮುಚ್ಚುವುದು, ಶೂ ಹಾಕಿಕೊಳ್ಳುವುದು, "ಟೀಚರ್, ನನಗೆ ಅರ್ಥವಾಗಲಿಲ್ಲ" ಎಂದು ಹೇಳುವುದು, ಇಷ್ಟನ್ನು ಅಭ್ಯಾಸ ಮಾಡಿಸಿದೆವು.

ಮೊದಲ ದಿನ ಅವಳನ್ನು ಬಿಡಲು ಹೋದವರು ಅಪ್ಪ. ನಾನು ಬೇಕೆಂದೇ ಮನೆಯಲ್ಲಿ ಉಳಿದೆ. ಮಗ ಮೊದಲ ಸಲ ಶಾಲೆಗೆ ಹೋದ ದಿನ ಅವರು ಮಲಗಿದ್ದರು. ಅದು ಅವರ ಮನಸ್ಸಿನಲ್ಲಿ ಇತ್ತು ಎಂದು ನನಗೆ ಗೊತ್ತು. ಮಗಳು ಗೇಟಿನ ಹತ್ತಿರ ಕೈ ಬಿಡಲು ತಡಮಾಡಲಿಲ್ಲವಂತೆ. ಅವರೇ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರಂತೆ.

ಮಗ ಹೈಸ್ಕೂಲಿಗೆ ಬಂದ. ಅವನ ಬಗ್ಗೆ ಜಾಸ್ತಿ ಹೇಳಬಾರದು ಎಂದು ಅವನೇ ಕೇಳಿಕೊಂಡಿದ್ದಾನೆ, ಹಾಗಾಗಿ ಅವನು ಒಪ್ಪಿದ ಒಂದೇ ವಿಷಯ. ಈ ವಯಸ್ಸಿನಲ್ಲಿ ಮೈಯ ಗಡಿಯಾರವೇ ಮುಂದಕ್ಕೆ ಸರಿಯುತ್ತದೆ, ನಿದ್ದೆ ಬರಿಸುವ ಮೆಲಟೋನಿನ್ ತಡವಾಗಿ ಬರುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 2014ರಲ್ಲೇ, ಈ ವಯಸ್ಸಿನ ಮಕ್ಕಳ ಶಾಲೆ ಬೆಳಿಗ್ಗೆ 8.30ಕ್ಕಿಂತ ಮೊದಲು ಶುರುವಾಗಬಾರದು ಎಂದು ಸಲಹೆ ಕೊಟ್ಟಿತು. ಬೆಳಿಗ್ಗೆ ಏಳಲು ಕಷ್ಟಪಡುವ ಹುಡುಗನನ್ನು ಸೋಮಾರಿ ಎಂದು ನಮ್ಮ ಮನೆಯಲ್ಲಿ ಯಾರೂ ಕರೆಯುವುದಿಲ್ಲ. ಅವನ ಫೋನ್ ರಾತ್ರಿ ಹೊರಗಿನ ಕೋಣೆಯಲ್ಲಿ ಇರುತ್ತದೆ, ನಮ್ಮ ಫೋನುಗಳೂ ಅಲ್ಲೇ.

ಇದೆಲ್ಲ ಅಭ್ಯಾಸವಾಗಲು ಎಷ್ಟು ದಿನ ಬೇಕು ಎಂದು ಹಲವರು ಕೇಳುತ್ತೀರಿ. ಇಪ್ಪತ್ತೊಂದು ದಿನ ಎಂದು ಎಲ್ಲರೂ ಹೇಳುತ್ತಾರೆ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು ನಡೆಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಬಂತು, ಕೆಲವರಿಗೆ 18, ಕೆಲವರಿಗೆ 254ರವರೆಗೂ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ ಎನ್ನುವುದೂ ಅದರಲ್ಲಿದೆ. ನಾಲ್ಕು ಜನರ ಮನೆಗೆ ಇದು ಬಹಳ ಸಮಾಧಾನದ ಮಾತು. ಒಬ್ಬರಿಗೆ ಜ್ವರ ಬಂದರೂ ಎಲ್ಲರ ದಿನವೂ ಏರುಪೇರಾಗುತ್ತದಲ್ಲ.

ಕೊನೆಯದಾಗಿ ಒಂದು ಹೊಸ ಸುದ್ದಿ. ನಮ್ಮ ಮನೆಯವರೂ ಓಡಲು ಶುರು ಮಾಡಿದ್ದಾರೆ. 1996ರಲ್ಲಿ ಜಾಶ್ ಕ್ಲಾರ್ಕ್ ಎಂಬವರು ಓಟವೇ ಗೊತ್ತಿಲ್ಲದವರಿಗಾಗಿ ಒಂಬತ್ತು ವಾರಗಳ ಒಂದು ಯೋಜನೆ ಮಾಡಿದರು, ಕೌಚ್ ಟು ಫೈವ್‌ಕೆ, ಅಂದರೆ ಸೋಫಾದಿಂದ ಐದು ಕಿಲೋಮೀಟರ್ ಓಟಕ್ಕೆ, ಎಂದು ಅದರ ಹೆಸರು. ಮೊದಲ ವಾರ ಒಂದು ನಿಮಿಷ ಓಡುವುದು, ಒಂದೂವರೆ ನಿಮಿಷ ನಡೆಯುವುದು, ಮತ್ತೆ ಅದೇ. ವಾರಕ್ಕೆ ಮೂರು ದಿನ. ಅವರು ಹೋಗುವ ದಿನ ಮನೆ ನನ್ನದು, ನಾನು ಹೋಗುವ ದಿನ ಮನೆ ಅವರದು. ಭಾನುವಾರ ಮಾತ್ರ ಮಗಳ ಸೈಕಲ್ ಜೊತೆ ಎಲ್ಲರೂ ಹೋಗುತ್ತೇವೆ, ಎದ್ದರೆ ಮಗನೂ ಬರುತ್ತಾನೆ.

ಅವರು ಐದು ಕಿಲೋಮೀಟರ್ ಮುಟ್ಟಿದಾಗ ಕ್ಯಾಮೆರಾ ನನ್ನ ಕೈಯಲ್ಲಿ ಇರುತ್ತದೆ, ಆ ವಿಡಿಯೋ ಖಂಡಿತ ಹಾಕುತ್ತೇನೆ. ನಿಮ್ಮ ಮನೆಯಲ್ಲೂ ಯಾರಾದರೂ ರಾತ್ರಿ ಪಾಳಿ ಮಾಡುತ್ತಿದ್ದರೆ, ರಜೆಯ ದಿನಗಳನ್ನು ಮಕ್ಕಳ ಜೊತೆ ಹೇಗೆ ಹೊಂದಿಸುತ್ತೀರಿ ಎಂದು ನಮಗೆ ಬರೆಯಿರಿ. ಅವರೂ ಕೂತು ಓದುತ್ತಾರೆ, ಉತ್ತರ ಅವರೇ ಕೊಡುತ್ತಾರೆ.