ಕಾರನ್ನು ಅಡಿಯಿಂದ ನೋಡಿ, ಆಮೇಲೆ ಬೆಲೆ ಮಾತನಾಡಿ

ನಮಸ್ಕಾರ. ಆಗಸ್ಟ್ ಬಂತೆಂದರೆ ನನ್ನ ಮೊಬೈಲ್‌ಗೆ ಕಾರುಗಳ ಚಿತ್ರಗಳು ಬರತೊಡಗುತ್ತವೆ. ಕಳಿಸುವವರು ಅಮೆರಿಕದ ಮಿಷಿಗನ್‌ಗೆ ಎಂ.ಎಸ್. ಓದಲು ಈಗಷ್ಟೇ ಬಂದಿಳಿದ ನಮ್ಮ ಹುಡುಗ ಹುಡುಗಿಯರು. ಹಾಸನ, ಮೈಸೂರು, ಬೆಳಗಾವಿಯ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದವರೇ ಹೆಚ್ಚು. “ಅಣ್ಣಾ, ಈ ಗಾಡಿ ಹೇಗಿದೆ? ಏಳು ಸಾವಿರ ಡಾಲರ್ ಹೇಳುತ್ತಿದ್ದಾರೆ. ಆಲ್ ವೀಲ್ ಡ್ರೈವ್ ಅಂತೆ, ಹಿಮಕ್ಕೆ ಅದೇ ಬೇಕಂತೆ.” ಚಿತ್ರದಲ್ಲಿ ಕಾರು ಮಿರಿಮಿರಿ ಮಿಂಚುತ್ತಿರುತ್ತದೆ. ಎದುರಿನಿಂದ ಒಂದು, ಪಕ್ಕದಿಂದ ಒಂದು, ಸೀಟು, ಸ್ಟೀರಿಂಗ್, ಹಾಡು ಕೇಳುವ ಪರದೆ. ಅಡಿಯಿಂದ ತೆಗೆದ ಚಿತ್ರ ಒಂದೂ ಇರುವುದಿಲ್ಲ.

ಇವತ್ತು ನಾನು ಒಂದೇ ಮಾತು ಹೇಳಲು ಕುಳಿತಿದ್ದೇನೆ. ಹಿಮದ ಊರಿಗೆ ಹಳೆಯ ಕಾರು ಕೊಳ್ಳುವಾಗ ನಿಮ್ಮ ಕೈಯಲ್ಲಿರುವ ಅಷ್ಟಿಷ್ಟು ಹಣವನ್ನು ತುಕ್ಕು ತಿನ್ನದ ತಳಕ್ಕೂ ನಾಲ್ಕು ಚಳಿಗಾಲದ ಟೈರುಗಳಿಗೂ ಕೊಡಿ. ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಎಳೆತವಿದೆ ಎಂಬ ಒಂದೇ ಕಾರಣಕ್ಕೆ ಎರಡು ಸಾವಿರ ಹೆಚ್ಚಿಗೆ ಸುರಿಯಬೇಡಿ.

ನಾನು ಓದಿದ್ದು ಮಿಷಿಗನ್ ರಾಜ್ಯದ ಉತ್ತರದ ತುದಿಯಲ್ಲಿರುವ ಹೋಟನ್ ಎಂಬ ಪುಟ್ಟ ಊರಿನ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ. ಸುಪೀರಿಯರ್ ಸರೋವರದ ತೇವವನ್ನು ಹೀರಿಕೊಂಡು ಬರುವ ಗಾಳಿ ಅಲ್ಲಿ ನೆಲ ಮುಟ್ಟಿದ ಕೂಡಲೇ ಹಿಮ ಸುರಿಸುತ್ತದೆ. ನಮ್ಮ ಆಗುಂಬೆಯವರು ಮಳೆಯ ಲೆಕ್ಕ ಇಡುವಂತೆ ಅಲ್ಲಿಯವರು ಹಿಮದ ಲೆಕ್ಕ ಇಡುತ್ತಾರೆ. ಊರಿನ ಉತ್ತರಕ್ಕೆ ಹೆದ್ದಾರಿಯ ಬದಿಯಲ್ಲಿ ಒಂದು ಎತ್ತರದ ಅಳತೆಗೋಲು ನಿಲ್ಲಿಸಿದ್ದಾರೆ. 1978-79ರ ಒಂದೇ ಚಳಿಗಾಲದಲ್ಲಿ ಬಿದ್ದ 390.4 ಇಂಚಿನ ಗುರುತು ಅದರ ಮೇಲಿದೆ. ಮೂವತ್ತೆರಡು ಅಡಿಗೂ ಹೆಚ್ಚು.

ಆ ಊರಿನಲ್ಲಿ ನಾನು ಕೊಂಡ ಮೊದಲ ಕಾರು ನೀವು ಈಗ ಕಳಿಸುತ್ತಿರುವಂಥದ್ದೇ. ಎತ್ತರದ ಗಾಡಿ, ಆಲ್ ವೀಲ್ ಡ್ರೈವ್, ಹೊಸದಾಗಿ ಪಾಲಿಶ್ ಮಾಡಿದ ಮೈ. ಜನವರಿಯಲ್ಲಿ ಏರುಗಳನ್ನೆಲ್ಲ ಅದು ಸಲೀಸಾಗಿ ಹತ್ತಿತು. ಫೆಬ್ರವರಿಯ ಒಂದು ಸಂಜೆ ಕಿರಾಣಿ ಅಂಗಡಿಯ ಪಾರ್ಕಿಂಗ್‌ನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ನೆಲದವರೆಗೆ ಇಳಿದುಹೋಯಿತು. ಎದುರಿಗೆ ತಳ್ಳುಗಾಡಿ ಹಿಡಿದ ಒಬ್ಬ ತಾಯಿ, ಜೊತೆಗೊಂದು ಮಗು. ಬ್ರೇಕ್ ಎಣ್ಣೆ ಹರಿಯುವ ಎರಡು ಪ್ರತ್ಯೇಕ ಸರ್ಕ್ಯೂಟ್‌ಗಳಲ್ಲಿ ಒಂದು ಉಳಿದಿದ್ದರಿಂದ, ಹ್ಯಾಂಡ್‌ಬ್ರೇಕನ್ನೂ ಎಳೆದಿದ್ದರಿಂದ, ಗಾಡಿ ಹಿಮದ ಗುಡ್ಡೆಗೆ ನುಗ್ಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮರುದಿನ ಮೆಕ್ಯಾನಿಕ್ ಗಾಡಿಯನ್ನು ಮೇಲೆತ್ತಿ ಟಾರ್ಚ್ ಹಿಡಿದು ತೋರಿಸಿದರು. ಬ್ರೇಕ್ ಎಣ್ಣೆ ಸಾಗಿಸುವ ಉಕ್ಕಿನ ಪೈಪು ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಆ ಮಗುವಿನ ಕೆಂಪು ಟೋಪಿ ನನಗೆ ಇಂದಿಗೂ ನೆನಪಿದೆ. ಈ ಮಾತನ್ನು ವರ್ಷವರ್ಷವೂ ಹೇಳುತ್ತಿರುವುದು ಅದಕ್ಕೇ.

ಈ ಪೈಪನ್ನು ತಿಂದದ್ದು ಉಪ್ಪು. ರಸ್ತೆಯ ಮೇಲಿನ ಮಂಜುಗಡ್ಡೆ ಕರಗಲೆಂದು ಇಲ್ಲಿ ಚಳಿಗಾಲವಿಡೀ ಲಾರಿಗಟ್ಟಲೆ ಕಲ್ಲುಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ಎಂದರೆ ಕಾರುಗಳ ಊರು ಎಂದು ಎಲ್ಲರಿಗೂ ಗೊತ್ತು. ಅದೇ ಊರಿನ ಅಡಿಯಲ್ಲಿ, ಸುಮಾರು 1,200 ಅಡಿ ಆಳದಲ್ಲಿ, ದೊಡ್ಡದೊಂದು ಉಪ್ಪಿನ ಗಣಿ ಇದೆ, ರಸ್ತೆಗೆ ಸುರಿಯುವ ಉಪ್ಪನ್ನು ಇಂದಿಗೂ ಅಲ್ಲಿಂದ ತೆಗೆಯುತ್ತಾರೆ. ಉಪ್ಪುನೀರು ಚಕ್ರದಿಂದ ಸಿಡಿದು ಕಾರಿನ ತಳದ ಸಂದುಗೊಂದುಗಳಲ್ಲಿ ಕುಳಿತುಕೊಳ್ಳುತ್ತದೆ. ಕೊರೆಯುವ ಚಳಿಯಲ್ಲಿ ತುಕ್ಕಿನ ಕೆಲಸ ನಿಧಾನ. ಬಿಸಿಲು ಬಂದು ಕರಗುವ ಮಾರ್ಚ್ ತಿಂಗಳಲ್ಲಿ ಅದರ ಹಬ್ಬ.

ನಾನು ಕುಂದಾಪುರದ ಕಡೆಯವನು. ಉಪ್ಪುಗಾಳಿ ಕಿಟಕಿಯ ಸರಳನ್ನು ಹೇಗೆ ತಿನ್ನುತ್ತದೆ ಎಂದು ಕರಾವಳಿಯ ಮಕ್ಕಳಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಅಪ್ಪ ಮಳೆಗಾಲಕ್ಕೆ ಮುಂಚೆ ಸೈಕಲ್ಲಿಗೆ ಎಣ್ಣೆ ಸವರಿ ಇಡುತ್ತಿದ್ದರು. ಅಷ್ಟು ತಿಳಿದಿದ್ದ ನಾನೇ ಇಲ್ಲಿ ಕಾರು ಕೊಳ್ಳುವಾಗ ಬಗ್ಗಿ ನೋಡಲಿಲ್ಲ. ಮಿಷಿಗನ್‌ನಲ್ಲಿ ಕಾರುಗಳಿಗೆ ಕಡ್ಡಾಯವಾದ ವಾರ್ಷಿಕ ಸುರಕ್ಷತಾ ತಪಾಸಣೆ ಇಲ್ಲ ಎಂಬುದೂ ಆಗ ಗೊತ್ತಿರಲಿಲ್ಲ. ತಳ ಉದುರುತ್ತಿರುವ ಗಾಡಿಯನ್ನೂ ಇಲ್ಲಿ ಕಾನೂನುಬದ್ಧವಾಗಿ ಮಾರಬಹುದು. ಕೊಳ್ಳುವವರ ಕಣ್ಣೇ ತಪಾಸಣಾ ಕೇಂದ್ರ.

ಹಾಗಾದರೆ ನೋಡುವುದು ಹೇಗೆ? ಹಗಲಿನಲ್ಲಿ ಹೋಗಿ. ಹಳೆಯ ಚಾಪೆ, ಟಾರ್ಚ್, ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತ ಜೊತೆಗಿರಲಿ. ನೆಲದ ಮೇಲೆ ಮಲಗಿ ನೋಡಲು ನಾಚಿಕೆ ಬೇಡ. ಇಲ್ಲಿನ ಹಳಬರೆಲ್ಲ ಹಾಗೆಯೇ ನೋಡುತ್ತಾರೆ. ಬಾಗಿಲಿನ ಕೆಳಗೆ ಉದ್ದಕ್ಕೆ ಓಡುವ ತಗಡಿನ ಪಟ್ಟಿ, ಹಿಂದಿನ ಚಕ್ರದ ಮೇಲಿನ ಕಮಾನು, ಸಸ್ಪೆನ್ಷನ್ ಕೂರುವ ಜಾಗ, ಎಂಜಿನ್ ಹೊತ್ತಿರುವ ಅಡ್ಡ ಚೌಕಟ್ಟು, ಬ್ರೇಕ್ ಪೈಪುಗಳು. ಮೇಲ್ಮೈಯಲ್ಲಿ ಕಂದು ಬಣ್ಣದ ತೆಳು ತುಕ್ಕು ಇದ್ದರೆ ಹೆದರಬೇಡಿ, ಹತ್ತು ವರ್ಷದ ಗಾಡಿಗೆ ಅದು ಸಹಜ. ಪದರಪದರವಾಗಿ ಏಳುತ್ತಿದ್ದರೆ, ಬೆರಳಿನಿಂದ ಒತ್ತಿದರೆ ಒಳಗೆ ಹೋಗುವಂತಿದ್ದರೆ, ಧನ್ಯವಾದ ಹೇಳಿ ಹೊರಟುಬಿಡಿ. ಆಯಸ್ಕಾಂತ ಕಮಾನಿಗೆ ಅಂಟದಿದ್ದರೆ ಅಲ್ಲಿ ಟಿಂಕರಿಂಗ್ ಮಾಡಿ ಪುಟ್ಟಿ ತುಂಬಿರುವ ಸಾಧ್ಯತೆ ಹೆಚ್ಚು. ತಳಕ್ಕೆಲ್ಲ ಮೊನ್ನೆ ಮೊನ್ನೆ ಬಳಿದ ಕಪ್ಪು ಬಣ್ಣ ಕಂಡರಂತೂ ಎರಡು ಪಟ್ಟು ಎಚ್ಚರ. ಅದರ ಕೆಳಗೆ ಏನಿದೆ ಎಂದು ಮಾರುವವರಿಗೆ ಗೊತ್ತಿರುತ್ತದೆ.

ಗಾಡಿ ಇಷ್ಟವಾಯಿತೇ? ಮಾರುವವರಿಗೆ ಸಂಬಂಧವಿಲ್ಲದ ಗ್ಯಾರೇಜಿಗೆ ಒಯ್ದು ಮೇಲೆತ್ತಿಸಿ ನೋಡಿಸಿ. ನೂರಿನ್ನೂರು ಡಾಲರ್ ಖರ್ಚಾಗಬಹುದು. ಆ ಹಣ ಉಳಿಸಲು ಹೋಗಬೇಡಿ, ಕೈ ಮುಗಿದು ಕೇಳುತ್ತೇನೆ. ಗ್ಯಾರೇಜಿಗೆ ಒಯ್ಯಲು ಮಾರುವವರು ಒಪ್ಪದಿದ್ದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ಈಗ ಎಳೆತದ ವಿಚಾರ. ನೀವು ಮೆಕ್ಯಾನಿಕಲ್ ಓದಿದವರು, ಲೆಕ್ಕ ಹಾಕಿ. ನಿಲ್ಲಲು ಬೇಕಾದ ದೂರವೆಂದರೆ ವೇಗದ ವರ್ಗವನ್ನು ಘರ್ಷಣಾಂಕ (ಟೈರಿಗೆ ನೆಲದ ಮೇಲಿರುವ ಹಿಡಿತದ ಅಳತೆ) ಮತ್ತು ಗುರುತ್ವದ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದ್ದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ, ಒಣ ಡಾಂಬರಿನ ಮೇಲೆ ಘರ್ಷಣಾಂಕ 0.8 ಎಂದರೆ ಸುಮಾರು 12 ಮೀಟರ್. ಒತ್ತಿದ ಹಿಮದ ಮೇಲೆ 0.2 ಎಂದರೆ 49 ಮೀಟರ್. ಮಂಜುಗಡ್ಡೆಯ ಮೇಲೆ 0.1ಕ್ಕೆ ಇಳಿದರೆ 98 ಮೀಟರ್. ಆ ಸೂತ್ರದಲ್ಲಿ ಎಂಜಿನ್ ಎಷ್ಟು ಚಕ್ರಗಳನ್ನು ತಿರುಗಿಸುತ್ತದೆ ಎಂಬುದಕ್ಕೆ ಜಾಗವೇ ಇಲ್ಲ. ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕೂ ಚಕ್ರಗಳಿಗಿದೆ. ಆಲ್ ವೀಲ್ ಡ್ರೈವ್ ನಿಂತ ಗಾಡಿಯನ್ನು ಹೊರಡಿಸುತ್ತದೆ, ಏರು ಹತ್ತಿಸುತ್ತದೆ. ನಿಲ್ಲಿಸುವ ಹೊತ್ತಿಗೆ ಅದು ನೆರವಿಗೆ ಬರುವುದಿಲ್ಲ. ಚೆನ್ನಾಗಿ ಹೊರಡುವ ಗಾಡಿ ಓಡಿಸುವವರಲ್ಲಿ ಹುಸಿ ಧೈರ್ಯವನ್ನೂ ತುಂಬುತ್ತದೆ. ಮೊದಲ ಹಿಮದ ದಿನ ಹೆದ್ದಾರಿ ಬದಿಯ ಚರಂಡಿಯಲ್ಲಿ ದೊಡ್ಡ ದೊಡ್ಡ ಗಾಡಿಗಳು ಮುಗ್ಗರಿಸಿ ಬಿದ್ದಿರುವುದನ್ನು ನೀವೇ ನೋಡುತ್ತೀರಿ.

ಆ ಸೂತ್ರದಲ್ಲಿ ನಮ್ಮ ಕೈಯಲ್ಲಿರುವುದು ಎರಡೇ, ವೇಗ ಮತ್ತು ಘರ್ಷಣೆ. ಘರ್ಷಣೆ ಎಂದರೆ ಟೈರು. ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯಾಗತೊಡಗುತ್ತದೆ. ಚಳಿಗಾಲದ ಟೈರಿನ ರಬ್ಬರು ಕೊರೆಯುವ ಚಳಿಯಲ್ಲೂ ಮೆತ್ತಗಿರುತ್ತದೆ, ಅದರ ಮೈಮೇಲಿನ ಸಾವಿರಾರು ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಗುರುತಿಸುವುದು ಸುಲಭ: ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು. ಕೆಲವು ಎಲ್ಲ ಋತುಗಳ ಟೈರುಗಳಿಗೂ ಈಗ ಈ ಚಿಹ್ನೆ ಇರುತ್ತದೆ, ಆದ್ದರಿಂದ ಚಳಿಗಾಲದ್ದೇ ಬೇಕು ಎಂದು ಬಾಯಿಬಿಟ್ಟು ಕೇಳಿ. ಬರೀ ‘ಎಂ ಪ್ಲಸ್ ಎಸ್’ (ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂದು ಬರೆದಿದ್ದರೆ ಅದು ಗೀರುಗಳ ವಿನ್ಯಾಸಕ್ಕೆ ಕೊಟ್ಟ ಹೆಸರು, ಹಿಮದ ಪರೀಕ್ಷೆ ಗೆದ್ದ ಗುರುತಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಾನೂನಿನಿಂದಲೇ ಕಡ್ಡಾಯ. ಮಿಷಿಗನ್‌ನಲ್ಲಿ ಕಡ್ಡಾಯವಿಲ್ಲ, ಹಾಗಾಗಿ ನಮ್ಮವರು ಹಾಕಿಸುವುದಿಲ್ಲ.

ಹಾಕಿಸಿದರೆ ನಾಲ್ಕಕ್ಕೂ ಹಾಕಿಸಿ. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ತಿರುವಿನಲ್ಲಿ ಗಾಡಿಯ ಹಿಂಭಾಗ ಮುಂದೆ ಬರಲು ನೋಡುತ್ತದೆ. ಹಳೆಯ ಟೈರು ಕೊಳ್ಳುವುದಾದರೆ ಪಕ್ಕದ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 3519 ಎಂದರೆ 2019ರ 35ನೇ ವಾರದಲ್ಲಿ ತಯಾರಾದದ್ದು. ಚಿಕ್ಕ ಕಾರಿಗೆ ಚಿಕ್ಕ ಟೈರು, ಬೆಲೆಯೂ ಕಡಿಮೆ. ಆಲ್ ವೀಲ್ ಡ್ರೈವ್ ಇದ್ದರೆ ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್, ಉದ್ದದ ಶಾಫ್ಟ್, ಅವುಗಳ ಎಣ್ಣೆ, ಎಲ್ಲದರ ಖರ್ಚೂ ನಿಮ್ಮದೇ. ಒಂದು ಟೈರು ಹಾಳಾದರೆ ಸುತ್ತಳತೆ ಹೊಂದಿಸಲು ಎಷ್ಟೋ ಸಲ ನಾಲ್ಕನ್ನೂ ಬದಲಿಸಬೇಕಾಗುತ್ತದೆ.

ಮನೆ ಕಡಿದಾದ ಏರಿನ ಮೇಲಿದ್ದು, ಹಿಮ ಗುಡಿಸುವ ಲಾರಿ ಬರುವ ಮೊದಲೇ ಕೆಲಸಕ್ಕೆ ಹೊರಡಬೇಕಾದವರ ಮಾತು ಬೇರೆ. ಅವರು ಸುಬಾರು ಇಂಪ್ರೆಜಾದಂಥ ಗಾಡಿ ಕೊಳ್ಳಲಿ, ಅದಕ್ಕೂ ಚಳಿಗಾಲದ ಟೈರು ಹಾಕಿಸಲಿ. ಉಳಿದವರಿಗೆ ಕೊರೊಲಾ, ಸಿವಿಕ್, ಮಜ್ದಾ 3 ಸಾಕು. 2012 ಅಥವಾ ಅದರ ನಂತರದ ಮಾದರಿಯನ್ನೇ ಹುಡುಕಿ, ಏಕೆಂದರೆ ಅಮೆರಿಕದಲ್ಲಿ ಅಲ್ಲಿಂದ ಮುಂದೆ ಎಲ್ಲ ಹೊಸ ಕಾರುಗಳಿಗೂ ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣ ಕಡ್ಡಾಯವಾಯಿತು. ಜಾರುವ ಗಾಡಿಯ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ ಅದು. ಬಹಳ ದೊಡ್ಡ ವರ. ಚಳಿಗಾಲವನ್ನು ಫ್ಲಾರಿಡಾದಲ್ಲಿ ಕಳೆಯುವ ವಯಸ್ಸಾದವರ ಕಾರು ಸಿಕ್ಕರೆ ಇನ್ನೂ ಒಳ್ಳೆಯದು, ಆ ಗಾಡಿ ಅಷ್ಟಾಗಿ ಉಪ್ಪು ತಿಂದಿರುವುದಿಲ್ಲ. ಆದರೆ ದಕ್ಷಿಣದ ರಾಜ್ಯಗಳಿಂದ ಬಂದ ಗಾಡಿಯ ಕಾರ್ಪೆಟ್ ಎತ್ತಿ ಮೂಸಿ ನೋಡಿ, ನೆರೆನೀರಿನಲ್ಲಿ ಮುಳುಗಿದ್ದಿರಬಹುದು.

ಆಗಸ್ಟ್‌ನಲ್ಲಿ ಕೊಳ್ಳುವವರು ಎಲ್ಲರೂ ಏಸಿ ಹಾಕಿ ನೋಡುತ್ತಾರೆ. ಹೀಟರ್ ಹಾಕಿ ನೋಡುವವರು ಬಹಳ ಕಡಿಮೆ. ಬೆವರು ಸುರಿದರೂ ಹತ್ತು ನಿಮಿಷ ಪೂರ್ತಿ ಬಿಸಿಗೆ ಇಟ್ಟು ನೋಡಿ. ಹಿಂದಿನ ಗಾಜಿನ ಮಂಜು ಕರಗಿಸುವ ತಂತಿಗಳನ್ನೂ ಪರೀಕ್ಷಿಸಿ. ಬೆಳಿಗ್ಗೆ ಹೋಗಿ, ಬಾನೆಟ್ ಮುಟ್ಟಿ ನೋಡಿ, ಎಂಜಿನ್ ತಣ್ಣಗಿರುವಾಗಲೇ ಸೆಲ್ಫ್ ಹೊಡೆಯಿರಿ. ಬ್ಯಾಟರಿಯ ಮೇಲಿನ ತಿಂಗಳು, ವರ್ಷದ ಚೀಟಿ ಓದಿ. ಸೊನ್ನೆ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ ಮೈನಸ್ 18ರಲ್ಲಿ, ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಬಲ ಹೋಗಿರುತ್ತದೆ, ಎಂಜಿನ್ ಎಣ್ಣೆಯೂ ಗಟ್ಟಿಯಾಗಿರುತ್ತದೆ. ರೇಡಿಯೇಟರಿಗೆ ನಮ್ಮ ಊರಿನ ಹಾಗೆ ಬರೀ ನೀರು ಹಾಕುವ ಮಾತೇ ಇಲ್ಲ, ಹೆಪ್ಪುಗಟ್ಟಿ ಎಂಜಿನ್ನೇ ಸೀಳುತ್ತದೆ. ಅರ್ಧ ಕೂಲಂಟ್, ಅರ್ಧ ನೀರು ಬೆರೆತರೆ ಸುಮಾರು ಮೈನಸ್ 37ರವರೆಗೆ ಗಟ್ಟಿಯಾಗುವುದಿಲ್ಲ.

ಇನ್ನೊಂದು ಮಾತು ಜೀವದ ಪ್ರಶ್ನೆ. ರಾತ್ರಿಯಿಡೀ ಹಿಮ ಬಿದ್ದ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಸೈಲೆನ್ಸರಿನ ಬಾಯಿ ಮುಚ್ಚಿರುವ ಹಿಮವನ್ನು ತೆಗೆಯಿರಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೆಚ್ಚಗಿರಲೆಂದು ಒಳಗೆ ಕುಳಿತವರು ಹಾಗೆಯೇ ಪ್ರಾಣ ಬಿಟ್ಟದ್ದಿದೆ.

ಕೊಂಡ ಮೇಲೆ ಸೆಪ್ಟೆಂಬರ್‌ನಲ್ಲಿ ಗಾಡಿ ಒಣಗಿರುವಾಗ ತಳಕ್ಕೆ ಎಣ್ಣೆ ಹೊಡೆಸಿ, ಅಪ್ಪ ಸೈಕಲ್ಲಿಗೆ ಸವರುತ್ತಿದ್ದರಲ್ಲ, ಅದೇ ಕೆಲಸ. ರಬ್ಬರಿನಂತೆ ಗಟ್ಟಿಯಾಗುವ ಲೇಪ ಬೇಡ, ಬಿರುಕು ಬಿಟ್ಟರೆ ನೀರನ್ನು ಒಳಗೇ ಹಿಡಿದಿಡುತ್ತದೆ. ಟೈರ್ ಅಂಗಡಿಯಲ್ಲಿ ಅಕ್ಟೋಬರ್‌ಗೇ ದಿನ ಗೊತ್ತು ಮಾಡಿಕೊಳ್ಳಿ. ಮೊದಲ ಹಿಮ ಬಿದ್ದ ಮರುದಿನ ಅಲ್ಲಿನ ಸಾಲು ಬೀದಿಯವರೆಗೆ ಬಂದಿರುತ್ತದೆ. ಕಾರು ನೋಡಲು ಹೋಗುವವರು ನನಗೆ ಚಿತ್ರ ಕಳಿಸಿ, ಖಂಡಿತ ನೋಡುತ್ತೇನೆ. ಬ್ರೇಕ್ ಪೈಪಿನದ್ದನ್ನು ಮೊದಲು ಕಳಿಸಿ.