ಸುಂಟಿಕೊಪ್ಪಕ್ಕೆ ಒಂದು ಟಿಕೆಟ್

ನಮಸ್ಕಾರ. ಈಗ ಕಾಣುತ್ತಿರುವುದು ನಮ್ಮ ಮನೆ ಮುಂದಿನ ಕಣ, ಒಣಗುತ್ತಿರುವುದು ಈ ಸಲದ ಕಾಫಿ. ಮಧ್ಯೆ ಮಧ್ಯೆ ನನ್ನ ಮಾತು ನಿಂತರೆ ಅದು ನನ್ನ ಉಗ್ಗು. ಇಷ್ಟು ದಿನ ಎಡಿಟ್ ಮಾಡುವಾಗ ಕತ್ತರಿಸುತ್ತಿದ್ದೆ. ಈ ಸಲ ಹಾಗೇ ಬಿಟ್ಟಿದ್ದೇನೆ.

ನಮ್ಮೂರು ಸುಂಟಿಕೊಪ್ಪ. ಆ 'ಸು' ಇದೆಯಲ್ಲ, ಅದೇ ನನಗೆ ಕಷ್ಟ. ಮೈಸೂರಲ್ಲಿ ಓದುವಾಗ, ಊರಿಗೆ ಬರುವ ಬಸ್ಸಲ್ಲಿ ಕಂಡಕ್ಟರ್ ಹತ್ತಿರ ಬಂದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು, ಕೊನೆಗೆ 'ಮಡಿಕೇರಿ' ಅಂತ ಹೇಳಿ, ಅಲ್ಲಿ ತನಕ ದುಡ್ಡು ಕೊಟ್ಟು, ಸುಂಟಿಕೊಪ್ಪದಲ್ಲೇ ಇಳಿಯುತ್ತಿದ್ದೆ. ಮೂರು ವರ್ಷ. ನಾನು ಉಗ್ಗುತ್ತೇನೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ. ಹೇಳಬೇಕಾದ ಮಾತು ಬಿಟ್ಟು, ಬಾಯಿಗೆ ಬರುವ ಮಾತು ಹೇಳುತ್ತಿದ್ದೆ ಅಲ್ವಾ.

ಚಿಕ್ಕವನಿದ್ದಾಗ ಅಜ್ಜಿ ಬಜೆ ಬೇರನ್ನು ಜೇನಲ್ಲಿ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದರು. ಪ್ರೀತಿಯಿಂದ ಮಾಡಿದ್ದು. ಆದರೆ ನನ್ನ ನಾಲಿಗೆ ಚೆನ್ನಾಗಿಯೇ ಇತ್ತು. ಉಗ್ಗುವವರಲ್ಲಿ ಮೆದುಳು ಮಾತನ್ನು ಜೋಡಿಸಿ ಕಳಿಸುವ ರೀತಿಯಲ್ಲಿ ವ್ಯತ್ಯಾಸ ಇರುತ್ತದೆ, ಎಷ್ಟೋ ಕಡೆ ಅದು ವಂಶದಲ್ಲೇ ಬರುತ್ತದೆ. ನಮ್ಮ ಚಿಕ್ಕಪ್ಪನಿಗೂ ಇದೆ. ದೊಡ್ಡವರಲ್ಲಿ ಸುಮಾರು 100ಕ್ಕೆ ಒಬ್ಬರಿಗೆ ಇರುತ್ತದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಅದರ ಮುಂದೆಯೇ ಓಡಾಡಿದ್ದೆ, ಒಳಗೆ ಹೋಗಿದ್ದು ಓದು ಮುಗಿದ ಮೇಲೆ. ಅಲ್ಲಿ ಕಲಿತದ್ದು ಇದು: ಮೊದಲ ಅಕ್ಷರವನ್ನು ಮೆತ್ತಗೆ ಎಳೆದು ಶುರು ಮಾಡುವುದು, ಸಿಕ್ಕಿಕೊಂಡರೆ ಒತ್ತದೆ ಗಂಟಲು ಸಡಿಲ ಬಿಟ್ಟು ನಿಧಾನಕ್ಕೆ ಹೊರಗೆ ಬರುವುದು, ಎಲ್ಲಕ್ಕಿಂತ ಕಷ್ಟದ್ದು ಅಂದರೆ ಬೇಕು ಅಂತಲೇ ಉಗ್ಗುವುದು. ಹೆದರಿಕೆ ಕಡಿಮೆ ಆಗಲಿ ಅಂತ. ದಿನಾ ಬೆಳಿಗ್ಗೆ ತೋಟದಲ್ಲಿ ಅಭ್ಯಾಸ ಮಾಡುತ್ತೇನೆ. ಕೆಲವು ದಿನ ಯಾವುದೂ ಕೆಲಸ ಮಾಡುವುದಿಲ್ಲ, ಫೋನಲ್ಲಂತೂ ಜಾಸ್ತಿ ಕಷ್ಟ.

ಉಗ್ಗನ್ನು ಒಪ್ಪಿಕೊಂಡಿದ್ದೀಯ, ಮತ್ತೆ ಅಭ್ಯಾಸ ಯಾಕಣ್ಣ ಅಂತ ತಮ್ಮ ಕೇಳಿದ. ದವಡೆ ಬಿಗಿದು, ಕುತ್ತಿಗೆ ನೋಯಿಸಿಕೊಂಡು ಉಗ್ಗುವುದಕ್ಕೂ ಆರಾಮಾಗಿ ಉಗ್ಗುವುದಕ್ಕೂ ತುಂಬಾ ವ್ಯತ್ಯಾಸ ಇದೆ ಕಣೋ ಅಂದೆ. ನನಗೆ ಆ ಆರಾಮು ಬೇಕು.

ಮೊನ್ನೆ ಕುಶಾಲನಗರದಲ್ಲಿ ಬಸ್ ಹತ್ತಿದೆ. ಎಲ್ಲಿಗೆ ಅಂದರು. 'ಸ್... ಸ್...' ನಿಂತುಹೋಯಿತು. ಕಿಟಕಿ ಕಡೆ ತಿರುಗದೆ ಕಂಡಕ್ಟರ್ ಮುಖವನ್ನೇ ನೋಡಿದೆ. ಹಿಂದೆ ನಿಂತಿದ್ದ ಅಜ್ಜ ಪಾಪ, ಸಹಾಯ ಮಾಡೋಣ ಅಂತ, 'ಮಡಿಕೇರಿಗಾ ಮಗ?' ಅಂದರು. ಅಲ್ಲ ಅಂತ ತಲೆ ಆಡಿಸಿ, ಮತ್ತೆ ಮೊದಲಿಂದ ಶುರು ಮಾಡಿದೆ.

'ಸ್ಸ್ಸುಂಟಿಕೊಪ್ಪ.'

ಆ ಟಿಕೆಟ್ ಇನ್ನೂ ಪರ್ಸಲ್ಲೇ ಇದೆ.