ಐವರ ತಡೆ, ಐವರ ಓಟ

ಕೇಳುಗರಿಗೆ ನಮಸ್ಕಾರ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ತಂಡಕ್ಕೆ 11 ಮಂದಿ. ನಾಲ್ಕು ಯತ್ನದೊಳಗೆ ಚೆಂಡನ್ನು 10 ಗಜ ಮುಂದೊಯ್ದರೆ ಮತ್ತೆ ನಾಲ್ಕು ಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. 2019ರ ಋತುವಿನಲ್ಲಿ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಲ್‌ಎಸ್‌ಯು, ಆಡಿದ 15 ಪಂದ್ಯಗಳನ್ನೂ ಗೆದ್ದು ಕಾಲೇಜು ಚಾಂಪಿಯನ್ ಆದ ಬಗೆ ತಿಳಿಯಲು ಇಷ್ಟು ನಿಯಮ ಸಾಕು.

2018ರಲ್ಲಿ ಈ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಆಟಗಾರ) ಜೋ ಬರೋ ಎಸೆದ ಟಚ್‌ಡೌನ್ ಪಾಸ್‌ಗಳು, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ತಂದ ಎಸೆತಗಳು, 16. ಮರುವರ್ಷ 60! ತೋಳು ಅದೇ, ಬದಲಾದದ್ದು ಆಟಗಾರರನ್ನು ನಿಲ್ಲಿಸುವ ಕ್ರಮ. ಮುಖ್ಯ ಕೋಚ್ ಎಡ್ ಓರ್ಜರಾನ್ ಅವರು ವೃತ್ತಿಪರ ತಂಡ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನಲ್ಲಿ ಕೋಚ್ ಆಗಿದ್ದ ಜೋ ಬ್ರೇಡಿಯನ್ನು ಕರೆತಂದರು. ಆಮೇಲೆ ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿ ಯಾರನ್ನೂ ಇಡದೆ, ಪಾಸ್ ಹಿಡಿಯಬಲ್ಲ ಐವರನ್ನೂ ಅಂಗಣದ ಅಗಲಕ್ಕೂ ಹರಡುವುದು ರೂಢಿಯಾಯಿತು.

ಇದರಲ್ಲಿ ಅಪಾಯವೂ ಇದೆ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಲು ಉಳಿಯುವವರು ಐವರೇ. ಎದುರಾಳಿ ಆರು ಮಂದಿಯನ್ನು ನುಗ್ಗಿಸಿದರೆ ಒಬ್ಬ ತಡೆಯಿಲ್ಲದೆ ಬಂದೇ ಬರುತ್ತಾನೆ. ಅವನು ಮುಟ್ಟುವ ಮೊದಲೇ, ಅವನು ಬಿಟ್ಟುಬಂದ ಜಾಗಕ್ಕೆ ಚೆಂಡು ಹೋಗಬೇಕು. ಎಸೆಯುವವನೂ ಹಿಡಿಯುವವನೂ ಆ ಜಾಗವನ್ನು ಒಂದೇ ರೀತಿ ಓದದಿದ್ದರೆ ಚೆಂಡು ನೆಲಕ್ಕೆ, ಇಲ್ಲವೇ ಎದುರಾಳಿಯ ಕೈಗೆ.

ನುಗ್ಗಾಟಕ್ಕೆ ಬರೋ ಕೊಡುತ್ತಿದ್ದ ಉತ್ತರ ಎಂಥದ್ದೆಂದು ಆಸ್ಟಿನ್‌ನಲ್ಲಿ ನಡೆದ ಟೆಕ್ಸಸ್ ವಿರುದ್ಧದ ಪಂದ್ಯದಲ್ಲಿ ಕಂಡಿತು. ಪಂದ್ಯ ಮುಗಿಯಲು ಮೂರು ನಿಮಿಷವೂ ಇಲ್ಲ, ಎಲ್‌ಎಸ್‌ಯು 37ಕ್ಕೆ 31ರಿಂದ ಮುಂದು. ಮೂರನೇ ಯತ್ನ, ಬೇಕಾದದ್ದು 17 ಗಜ. ಟೆಕ್ಸಸ್ ಬ್ಲಿಟ್ಜ್ ಮಾಡಿತು, ಅಂದರೆ ಹೆಚ್ಚುವರಿ ಜನರನ್ನು ನುಗ್ಗಿಸಿತು. ಬರೋ ಹಿಂದೆ ಸರಿಯದೆ ಮುಂದಕ್ಕೇ ಹೆಜ್ಜೆಯಿಟ್ಟು ಜಸ್ಟಿನ್ ಜೆಫರ್ಸನ್‌ಗೆ ಎಸೆದರು. ಹೆಚ್ಚು ಜನ ಮುಂದೆ ನುಗ್ಗಿದ್ದರಿಂದ ಹಿಂದೆ ತಡೆಯಲು ಜನ ಸಾಲದು. 61 ಗಜ, ಟಚ್‌ಡೌನ್. ಪಂದ್ಯ 45ಕ್ಕೆ 38.

ಇನ್ನೊಂದು ಎದುರಾಳಿ ತಂಡ ಆಬರ್ನ್ ಇದಕ್ಕೆ ತದ್ವಿರುದ್ಧ ಲೆಕ್ಕ ಹಾಕಿತು. ಮೂವರನ್ನಷ್ಟೇ ಮುಂಚೂಣಿಯಲ್ಲಿಟ್ಟು ಪಾಸ್ ತಡೆಯಲು ಹಿಂದೆ ಜನ ತುಂಬಿತು. ಎಲ್‌ಎಸ್‌ಯು ಅಂಕ 23ಕ್ಕೆ ಇಳಿಯಿತು. ಆದರೆ ಮುಂದೆ ಜನ ಕಡಿಮೆಯಾದರೆ ಚೆಂಡು ಹೊತ್ತು ಓಡಲು ದಾರಿ ಸಿಗುತ್ತದೆ. ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಓಡಿದರು, ತಂಡ ಮೂರು ಅಂಕದಿಂದ ಬಚಾವಾಯಿತು.

ಬರೋ ಹೊಗಳಿಕೆಯ ಭರದಲ್ಲಿ ಜನ ಮರೆಯುವ ಮಾತೊಂದಿದೆ: ಈ ತಂಡದ ರಕ್ಷಣೆ ಬಹುಕಾಲ ಸೋರುತ್ತಿತ್ತು. ಅಲಬಾಮಾವನ್ನು 2011ರ ನಂತರ ಮೊದಲ ಸಲ ಸೋಲಿಸಿದ ದಿನವೂ 41 ಅಂಕ ಬಿಟ್ಟುಕೊಟ್ಟು, 46 ಗಳಿಸಿ ಗೆದ್ದಿತು. ರಕ್ಷಣೆ ಬಿಗಿಯಾದದ್ದು ಕೊನೆಗೆ. ಎಲ್‌ಎಸ್‌ಯು ಆಡುವ ಕಾಲೇಜು ಲೀಗ್ ಎಸ್‌ಇಸಿಯ ಫೈನಲ್‌ನಲ್ಲಿ ಜಾರ್ಜಿಯಾಗೆ ಸಿಕ್ಕಿದ್ದು 10 ಅಂಕ ಮಾತ್ರ.

2020ರ ಜನವರಿ 13, ನ್ಯೂ ಆರ್ಲಿಯನ್ಸ್, ಕಾಲೇಜು ಚಾಂಪಿಯನ್ ಪಟ್ಟದ ಫೈನಲ್. ಎದುರಿಗೆ 29 ಪಂದ್ಯ ಸತತ ಗೆದ್ದು ಬಂದ ಕ್ಲೆಮ್ಸನ್. ಎಲ್‌ಎಸ್‌ಯು ಮೊದಮೊದಲು ತಡವರಿಸಿತು, 17ಕ್ಕೆ 7ರ ಹಿನ್ನಡೆ. ಆದರೆ ಪಾಸ್ ಹಿಡಿಯುವ ಜಮಾರ್ ಚೇಸ್‌ರನ್ನು ತಡೆಯಲು ಕ್ಲೆಮ್ಸನ್ ಒಬ್ಬನನ್ನೇ ಬಿಟ್ಟದ್ದು ದುಬಾರಿಯಾಯಿತು. ಚೇಸ್ ಒಬ್ಬರೇ 221 ಗಜ ಗಳಿಸಿದರು. ಅರ್ಧವಿರಾಮಕ್ಕೆ 28ಕ್ಕೆ 17, ಕೊನೆಗೆ 42ಕ್ಕೆ 25.

ಆಮೇಲೆ ಬ್ರೇಡಿ ವೃತ್ತಿಪರ ಲೀಗ್‌ಗೆ ಮರಳಿದರು. ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಬರೋ ಮೊದಲನೆಯವರಾಗಿ ಆಯ್ಕೆಯಾದರು, ಅವರ ಜೊತೆ ಇನ್ನೂ 13 ಮಂದಿ ಹೋದರು. ಮುಂದಿನ ಋತುವಿನಲ್ಲಿ ಎಲ್‌ಎಸ್‌ಯು ಐದು ಗೆದ್ದಿತು, ಐದು ಸೋತಿತು.